ಉಪರಾಷ್ಟ್ರಪತಿ ಹುದ್ದೆ ಬೇಕಾ ಬೇಡ್ವಾ? ಜತ್ತಿಯವರನ್ನ ಇಟ್ಕೊಂಡು ಮಾತಾಡೋಣ

ಓದುಗಿ, ಅಗ್ರಹಾರ (ಮೈಸೂರು)
ಕೆಎಎಸ್‌ಗೆ ಓದುತ್ತಿರುವ ನಮ್ಮ ಗುಂಪಿನಲ್ಲಿ ಒಬ್ಬರು, ಉಪರಾಷ್ಟ್ರಪತಿ ಹುದ್ದೆಯನ್ನು ಸಂವಿಧಾನದಿಂದ ತೆಗೆದುಹಾಕಿದರೂ ದೇಶಕ್ಕೆ ನಷ್ಟವಿಲ್ಲ ಅಂದರು. ಸುಮಾರು ಜನ ಹೌದು ಅಂದರು. ನನಗೆ ಒಪ್ಪಿಗೆಯಾಗಲಿಲ್ಲ, ಅದಕ್ಕೇ ಇಲ್ಲಿ ಹಾಕುತ್ತಿದ್ದೇನೆ.

ಮೊದಲ ಐವರನ್ನು ನೋಡಿ. ರಾಧಾಕೃಷ್ಣನ್ (1952–62), ಜಾಕಿರ್ ಹುಸೇನ್ (1962–67), ವಿ.ವಿ. ಗಿರಿ (1967–69), ಜಿ.ಎಸ್. ಪಾಠಕ್ (1969–74), ಬಿ.ಡಿ. ಜತ್ತಿ (1974–79). ಜಾಕಿರ್ ಹುಸೇನ್ ಅವರನ್ನು ಬಿಟ್ಟರೆ ಉಳಿದ ನಾಲ್ವರಿಗೂ ಮೈಸೂರಿನ ನಂಟಿದೆ. ರಾಧಾಕೃಷ್ಣನ್ 1918ರಿಂದ 1921ರವರೆಗೆ ನಮ್ಮ ಮಹಾರಾಜ ಕಾಲೇಜಿನಲ್ಲಿ ತತ್ವಶಾಸ್ತ್ರ ಕಲಿಸಿದವರು. ಗಿರಿ ಮತ್ತು ಪಾಠಕ್ ಒಬ್ಬರಾದ ಮೇಲೊಬ್ಬರು ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದವರು. ಜತ್ತಿ 1958ರಿಂದ 1962ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿ.

ಕಲ್ಕತ್ತಾಕ್ಕೆ ಹೊರಟ ರಾಧಾಕೃಷ್ಣನ್ ಅವರನ್ನು ವಿದ್ಯಾರ್ಥಿಗಳು ತಾವೇ ಗಾಡಿ ಎಳೆದು ರೈಲ್ವೆ ಸ್ಟೇಷನ್ನಿಗೆ ಬಿಟ್ಟ ಕಥೆ ಇಲ್ಲಿ ಮಕ್ಕಳಿಗೂ ಗೊತ್ತು. ಆದರೆ 1977ರ ಫೆಬ್ರವರಿ 11ರಿಂದ ಜುಲೈ 25ರವರೆಗೆ ರಾಷ್ಟ್ರಪತಿ ಭವನದಲ್ಲಿ ಹಂಗಾಮಿಯಾಗಿ ಕೂತಿದ್ದು ನಮ್ಮ ರಾಜ್ಯದ ಜತ್ತಿಯವರೇ ಅಂದರೆ ಪದವಿ ಮುಗಿಸಿದವರೂ "ಹೌದಾ?" ಅನ್ನುತ್ತಾರೆ. ಹುದ್ದೆ ಬೇಕೋ ಬೇಡವೋ ಅನ್ನುವ ಮೊದಲು ಆ ಐದು ತಿಂಗಳಲ್ಲಿ ಏನಾಯಿತು ಅಂತ ನೋಡಬೇಕು ಅನ್ನೋದು ನನ್ನ ವಾದ.

ವಿಸಿ ನಾಲೆ ಪಕ್ಕದವ (ಮಂಡ್ಯ)
ಅಕ್ಕ, ನಂಟು ಇದ್ದ ಮಾತ್ರಕ್ಕೆ ಹುದ್ದೆ ಬೇಕು ಅಂತ ಆಗಲ್ವಲ್ಲ. ನಾನು ಬೇಡ ಅನ್ನೋ ಪಕ್ಷ. ಉಪರಾಷ್ಟ್ರಪತಿ ಅಂತ ಸಂಬಳ ಕೂಡ ಇಲ್ಲ ಆ ಹುದ್ದೆಗೆ, ಸಂಬಳ ಬರೋದು ರಾಜ್ಯಸಭೆ ಸಭಾಪತಿ ಅಂತ. ಅಂದ್ರೆ ದಿನನಿತ್ಯದ ಕೆಲಸ ಒಂದೇ, ಸಭೆ ನಡೆಸೋದು. ಲೋಕಸಭೆ ತನ್ನ ಸ್ಪೀಕರ್‌ನ ತಾನೇ ಆರಿಸ್ಕೊಳ್ಳುತ್ತೆ, ರಾಜ್ಯಸಭೆನೂ ಹಂಗೇ ಮಾಡ್ಲಿ. ರಾಷ್ಟ್ರಪತಿ ತೀರ್ಕೊಂಡ್ರೆ ಮುಖ್ಯ ನ್ಯಾಯಮೂರ್ತಿ ಇದಾರೆ. 1969ರಲ್ಲಿ ಹಿದಾಯತುಲ್ಲಾ ನಡೆಸಲಿಲ್ವಾ? ದೇಶ ನಿಂತೋಯ್ತಾ?

ವಕೀಲರು, ಮಂಡ್ಯ ಕೋರ್ಟು
1969ರ ಮಾತು ನೀವೇ ತೆಗೆದಿದ್ದು ಒಳ್ಳೆಯದಾಯಿತು. ನಿಮ್ಮ ವಾದ ನಿಲ್ಲದಿರುವುದು ಅಲ್ಲಿಯೇ.

ಮೇ 3ರಂದು ಜಾಕಿರ್ ಹುಸೇನ್ ತೀರಿಕೊಂಡರು, ಅಧಿಕಾರದಲ್ಲಿದ್ದಾಗಲೇ ತೀರಿಕೊಂಡ ಮೊದಲ ರಾಷ್ಟ್ರಪತಿ ಅವರು. ಉಪರಾಷ್ಟ್ರಪತಿ ಗಿರಿ ಹಂಗಾಮಿಯಾದರು. ಉಪರಾಷ್ಟ್ರಪತಿಯೂ ಇಲ್ಲದಿದ್ದರೆ ಯಾರು ಅನ್ನುವುದು ಸಂವಿಧಾನದಲ್ಲಿ ಹೆಸರಿಟ್ಟು ಬರೆದಿರಲಿಲ್ಲ, ಅದನ್ನು ಸಂಸತ್ತಿಗೆ ಬಿಟ್ಟಿತ್ತು. ಆ ಮೇ ತಿಂಗಳಲ್ಲೇ ಅವಸರದಲ್ಲಿ ಕಾಯ್ದೆ ಮಾಡಿ ಮುಖ್ಯ ನ್ಯಾಯಮೂರ್ತಿಯ ಹೆಸರು ಸೇರಿಸಿದರು. ಜುಲೈನಲ್ಲಿ ಬೆಂಗಳೂರಿನ ಎಐಸಿಸಿ ಅಧಿವೇಶನದ ಹೊತ್ತಿಗೆ ಸಂಜೀವ ರೆಡ್ಡಿ ಕಾಂಗ್ರೆಸ್ಸಿನ ಅಧಿಕೃತ ಅಭ್ಯರ್ಥಿಯಾದರು, ಪಕ್ಷದ ಅಧ್ಯಕ್ಷರು ನಮ್ಮ ನಿಜಲಿಂಗಪ್ಪನವರು. ಗಿರಿ ತಾನೂ ಸ್ಪರ್ಧಿಸುತ್ತೇನೆ ಅಂತ ಜುಲೈ 20ಕ್ಕೆ ರಾಜೀನಾಮೆ ಕೊಟ್ಟರು. ಹಿಂದಿನ ದಿನ, 19ಕ್ಕೆ, 14 ಬ್ಯಾಂಕುಗಳ ರಾಷ್ಟ್ರೀಕರಣದ ಸುಗ್ರೀವಾಜ್ಞೆಗೆ ಸಹಿ ಹಾಕಿ ಎದ್ದರು.

ಆಮೇಲಿನದ್ದು ಮುಖ್ಯ. ಸುಗ್ರೀವಾಜ್ಞೆಯ ಜಾಗಕ್ಕೆ ಮಸೂದೆ ಬಂತು, ಆಗಸ್ಟ್ 9ಕ್ಕೆ ಅದಕ್ಕೆ ಅಂಕಿತ ಬಿತ್ತು. ಆಗ ರಾಷ್ಟ್ರಪತಿಯ ಜಾಗದಲ್ಲಿದ್ದವರು ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ. ಆ ಕಾಯ್ದೆಯನ್ನು ಪ್ರಶ್ನಿಸಿದ ಕೂಪರ್ ಪ್ರಕರಣ 11 ನ್ಯಾಯಮೂರ್ತಿಗಳ ಪೀಠಕ್ಕೆ ಹೋಯಿತು. ಆ ಪೀಠದಲ್ಲಿ ಮುಖ್ಯ ನ್ಯಾಯಮೂರ್ತಿಯೇ ಇರಲಿಲ್ಲ, ಜೆ.ಸಿ. ಶಾ ನೇತೃತ್ವ ವಹಿಸಿದ್ದರು. 1970ರ ಫೆಬ್ರವರಿಯಲ್ಲಿ ಕಾಯ್ದೆ ಬಿದ್ದುಹೋಯಿತು. ತಾನು ಅಂಕಿತ ಹಾಕಿದ ಕಾಯ್ದೆಯ ಮೇಲೆ ತಾನೇ ತೀರ್ಪು ಕೊಡಲು ಬರುವುದಿಲ್ಲ. ಮುಖ್ಯ ನ್ಯಾಯಮೂರ್ತಿಯನ್ನು ರಾಷ್ಟ್ರಪತಿ ಭವನಕ್ಕೆ ಕಳಿಸಿದಾಗಲೆಲ್ಲ ಕೋರ್ಟಿಗೆ ಇಂಥ ತೊಡಕು ಕಟ್ಟಿಟ್ಟದ್ದು. 35 ದಿನಕ್ಕೇ ಇಷ್ಟಾಯಿತು. ಹಾಗಾಗಿ ಅದು ಕಡೆಯ ದಾರಿಯಾಗಿರಬೇಕು, ಮಾಮೂಲಿ ದಾರಿಯಾಗಬಾರದು.

ಮದ್ದೂರು ರೈತ
ವಕೀಲ್ ಸಾರ್ ಹೇಳಿದ್ದು ಸರಿ. ಕೆರೆಗೆ ಕೋಡಿ ಯಾಕೆ ಅಂತ ಬರಗಾಲದಲ್ಲಿ ಕೇಳಿದ್ರೆ ಯಾರ ಹತ್ರನೂ ಉತ್ತರ ಇರಲ್ಲ. ವರ್ಷಗಟ್ಲೆ ಅದರ ಮೇಲೆ ಒಂದ್ ತೊಟ್ಟು ನೀರು ಹರಿಯಲ್ಲ. ತುಂಬಿದ ವರ್ಷ ಅದಿಲ್ದಿದ್ರೆ ಏರಿನೇ ಕಿತ್ಕೊಂಡು ಹೋಗುತ್ತೆ.

ವಿಸಿ ನಾಲೆ ಪಕ್ಕದವ (ಮಂಡ್ಯ)
ಅಣ್ಣ, ಮಾತು ಚೆನ್ನಾಗಿದೆ. ಆದ್ರೆ ತುಂಬಿದ ವರ್ಷ ಕೋಡಿ ಕೆಲಸ ಮಾಡ್ತಾ ಅನ್ನೋದು ನನ್ನ ಪ್ರಶ್ನೆ. 1977ರಲ್ಲಿ ಜತ್ತಿಯವರು ಮಾಡಿದ್ದೇನು? ಜನ ಓಟು ಹಾಕಿ ಜನತಾ ಸರ್ಕಾರ ತಂದ್ರು. ಆ ಸರ್ಕಾರ ಒಂಬತ್ತು ರಾಜ್ಯದ ವಿಧಾನಸಭೆ ವಿಸರ್ಜನೆ ಮಾಡಿ ಅಂತ ಸಲಹೆ ಕಳಿಸಿದ್ರೆ ಸಹಿ ಹಾಕದೆ ಕೂತ್ರು. ತುರ್ತು ಪರಿಸ್ಥಿತಿಯಲ್ಲಿ ರಾಜ್ಯಸಭೆ ನಡೆಸಿದವರೂ ಅವರೇ. ವಿರೋಧ ಪಕ್ಷದವರು ಜೈಲಲ್ಲಿದ್ದಾಗ ಸಂವಿಧಾನಕ್ಕೆ ತಿದ್ದುಪಡಿ ಮೇಲೆ ತಿದ್ದುಪಡಿ ಆ ಸಭೆಯಲ್ಲೇ ಪಾಸಾಯ್ತು. ಆಗ ಇಲ್ಲದ ಅನುಮಾನ ಆಮೇಲೆ ಯಾಕೆ ಬಂತು?

ನಿವೃತ್ತ ಮೇಷ್ಟ್ರು, ಸರಸ್ವತೀಪುರಂ
ಗಟ್ಟಿ ಪ್ರಶ್ನೆ ಇದು. ಇತಿಹಾಸ ಪಾಠ ಮಾಡಿದವನಾಗಿ ನನಗೆ ತಿಳಿದದ್ದನ್ನು ಹೇಳುತ್ತೇನೆ, ತಮ್ಮಾ.

ಜತ್ತಿಯವರು ಜಮಖಂಡಿ ಸೀಮೆಯವರು, ಜಮಖಂಡಿ ಸಂಸ್ಥಾನದಲ್ಲಿ ದಿವಾನರಾಗಿದ್ದವರು. ಮೈಸೂರು ರಾಜ್ಯದ ಭೂಸುಧಾರಣೆಗೆ ದಾರಿ ಹಾಕಿದ ಸಮಿತಿಗೆ ಅವರದೇ ಹೆಸರು, ಜತ್ತಿ ಸಮಿತಿ. 1961ರ ಕಾಯ್ದೆ ಬಂದದ್ದು ಅದರ ಮೇಲೆ. ಆಮೇಲೆ ಪಾಂಡಿಚೇರಿಯಲ್ಲಿ ಲೆಫ್ಟಿನೆಂಟ್ ಗವರ್ನರ್, ಒಡಿಶಾದಲ್ಲಿ ರಾಜ್ಯಪಾಲರು. ಬಸವ ಸಮಿತಿ ಕಟ್ಟಿದವರು. ಗದ್ದಲದ ಮನುಷ್ಯರಲ್ಲ. ಅಂಥವರ ಮೇಲೆ ಬಿದ್ದ ಹೊರೆ ನೋಡಿ. ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡಾಗ ಚುನಾವಣೆ ಘೋಷಣೆಯಾಗಿತ್ತು. ಫಲಿತಾಂಶದಲ್ಲಿ ಇಂದಿರಾ ಗಾಂಧಿಯವರೇ ಸೋತರು. ಮಾರ್ಚ್ 21ಕ್ಕೆ ತುರ್ತು ಪರಿಸ್ಥಿತಿ ತೆರವಾದಾಗ ರಾಷ್ಟ್ರಪತಿಯ ಜಾಗದಲ್ಲಿದ್ದವರು ಜತ್ತಿ, 24ಕ್ಕೆ ಮೊರಾರ್ಜಿ ದೇಸಾಯಿಯವರಿಗೆ ಪ್ರಮಾಣವಚನ ಬೋಧಿಸಿದವರೂ ಜತ್ತಿ. ಮೂವತ್ತು ವರ್ಷ ಒಂದೇ ಪಕ್ಷ ಆಳಿದ ದೆಹಲಿಯಲ್ಲಿ ಅಧಿಕಾರ ಮೊದಲ ಬಾರಿ ಬೇರೆ ಪಕ್ಷದ ಕೈಗೆ ಹೋದದ್ದು, ಅದೂ ಒಂದು ಅಪಸ್ವರ ಇಲ್ಲದೆ ಹೋದದ್ದು, ಕಾಂಗ್ರೆಸ್ಸಿನಿಂದಲೇ ಆರಿಸಿಬಂದ ಈ ಕನ್ನಡಿಗರ ಎದುರಿನಲ್ಲಿ. ಇದನ್ನು ನಮ್ಮ ಶಾಲಾ ಪಾಠಗಳಲ್ಲಿ ಹೇಳಬೇಕಾಗಿತ್ತು.

ಏಪ್ರಿಲ್ ತಿಂಗಳಲ್ಲಿ ನಡೆದ ಆ ಒಂಬತ್ತು ವಿಧಾನಸಭೆಗಳ ವಿಚಾರವನ್ನು ವಕೀಲರು ಬಿಡಿಸಿ ಹೇಳಲಿ.

ವಕೀಲರು, ಮಂಡ್ಯ ಕೋರ್ಟು
ಹೇಳುತ್ತೇನೆ ಮೇಷ್ಟ್ರೇ.

ಲೋಕಸಭೆಯಲ್ಲಿ ಸೋತ ಪಕ್ಷಕ್ಕೆ ಆ ರಾಜ್ಯಗಳನ್ನು ಆಳುವ ನೈತಿಕ ಹಕ್ಕಿಲ್ಲ ಅನ್ನುವುದು ಗೃಹಮಂತ್ರಿ ಚರಣ್ ಸಿಂಗ್ ಅವರ ನಿಲುವು. ಒಂಬತ್ತು ಮುಖ್ಯಮಂತ್ರಿಗಳಿಗೆ ಪತ್ರ ಹೋಯಿತು. ರಾಜಸ್ಥಾನ ಮೊದಲಾದ ರಾಜ್ಯಗಳು ಸುಪ್ರೀಂ ಕೋರ್ಟಿಗೆ ಹೋದವು, ಏಪ್ರಿಲ್ 29ಕ್ಕೆ ಕೋರ್ಟು ಅವುಗಳ ದಾವೆ ವಜಾ ಮಾಡಿತು. ಸಂಪುಟದ ಸಲಹೆ ಜತ್ತಿಯವರ ಮುಂದೆ ಬಂತು. ಅವರು ಕೂಡಲೇ ಸಹಿ ಹಾಕಲಿಲ್ಲ, 30ಕ್ಕೆ ಹಾಕಿದರು. "ಸಹಿ ಹಾಕದೆ ಕೂತರು" ಅಂದಾಗ ತಿಂಗಳುಗಟ್ಟಲೆ ಅನ್ನಿಸುತ್ತದೆ, ಹಾಗೇನೂ ಅಲ್ಲ.

ಕಾನೂನಿನ ಲೆಕ್ಕದಲ್ಲಿ ಅವರ ಕೈ ಕಟ್ಟಿತ್ತು. 1976ರ 42ನೇ ತಿದ್ದುಪಡಿ, ಸಂಪುಟದ ಸಲಹೆಯಂತೆ ರಾಷ್ಟ್ರಪತಿ ನಡೆಯಲೇಬೇಕು ಅಂತ ಬರೆದಿತ್ತು. ಮರುಪರಿಶೀಲಿಸಿ ಅಂತ ಒಂದು ಸಲ ವಾಪಸ್ ಕಳಿಸುವ ಅವಕಾಶ ಬಂದದ್ದು 1978ರ 44ನೇ ತಿದ್ದುಪಡಿಯಲ್ಲಿ. ಏಪ್ರಿಲ್ 1977ರಲ್ಲಿ ಅನುಮಾನ ಬಂದ ರಾಷ್ಟ್ರಪತಿಗೆ ತಡಮಾಡುವುದು ಬಿಟ್ಟರೆ ಬೇರೆ ಉಪಾಯವೇ ಇರಲಿಲ್ಲ.

ವಿಸಿ ನಾಲೆ ಪಕ್ಕದವ (ಮಂಡ್ಯ)
ಹಂಗಾದ್ರೆ ನಾನು ಹೇಳಿದ್ದೇ ಆಯ್ತಲ್ಲ ಸಾರ್. ಏಪ್ರಿಲ್‌ನಲ್ಲಿ ಅವರ ಕೈ ಕಟ್ಟಿದ 42ನೇ ತಿದ್ದುಪಡಿ ಪಾಸಾಗಿದ್ದು ಅವರೇ ಸಭಾಪತಿಯಾಗಿದ್ದ ರಾಜ್ಯಸಭೇಲಿ.

ಓದುಗಿ, ಅಗ್ರಹಾರ (ಮೈಸೂರು)
ಸಭಾಪತಿಗೆ ಮಸೂದೆ ತಡೆಯುವ ಅಧಿಕಾರ ಎಲ್ಲಿದೆ? ಅವರು ಆ ಸಭೆಯ ಸದಸ್ಯರೂ ಅಲ್ಲ, ಮತ ಹಾಕುವುದು ಎರಡೂ ಕಡೆ ಸಮ ಬಿದ್ದಾಗ ಮಾತ್ರ. ಆದರೆ ಎಮರ್ಜೆನ್ಸಿಯಲ್ಲಿ ಅವರು ಸುಮ್ಮನಿದ್ದರು ಅನ್ನುವ ದೂರನ್ನು ನಾನು ಅಲ್ಲಗಳೆಯುವುದಿಲ್ಲ. ಆ ಕಾಲದಲ್ಲಿ ದೊಡ್ಡ ಹುದ್ದೆಗಳಲ್ಲಿ ಕೂತವರೆಲ್ಲರ ಮೇಲೂ ಇರುವ ದೂರು ಅದು.

ನಾನು ಕೇಳುವುದು ಬೇರೆ. ಒಂಬತ್ತು ರಾಜ್ಯಗಳ ಶಾಸಕರನ್ನು ಒಂದು ಸಹಿಯಲ್ಲಿ ಮನೆಗೆ ಕಳಿಸುವುದು ಸರಿಯೇ ಅಂತ ಒಂದು ದಿನವಾದರೂ ಯೋಚಿಸಿದ್ದು ತಪ್ಪಾ? 1980ರಲ್ಲಿ ಇಂದಿರಾ ಗಾಂಧಿ ಮರಳಿ ಬಂದ ಕೂಡಲೇ ಅದೇ ದಾರಿ ಹಿಡಿದು ಒಂಬತ್ತು ವಿಧಾನಸಭೆ ವಿಸರ್ಜಿಸಿದರು. ಜನತಾ ಪಕ್ಷ 1977ರಲ್ಲಿ ತೋರಿಸಿಕೊಟ್ಟ ದಾರಿ ಅದು. ಇದಕ್ಕೆ ಕಡಿವಾಣ ಬಿದ್ದದ್ದು 1994ರಲ್ಲಿ, ಬೊಮ್ಮಾಯಿ ತೀರ್ಪಿನಲ್ಲಿ. ಅದೂ ಕರ್ನಾಟಕದ ಸರ್ಕಾರ ವಜಾ ಆದ ಪ್ರಕರಣ. ಜತ್ತಿಯವರಿಗೆ ಕಾಡಿದ ಪ್ರಶ್ನೆಗೆ ಕೋರ್ಟು ಉತ್ತರ ಹೇಳಲು ಹದಿನೇಳು ವರ್ಷ ಹಿಡಿಯಿತು.

ಹುಣಸೂರು ರಸ್ತೆ
1977ರ ಡಿಸೆಂಬರ್ 31ಕ್ಕೆ ನಮ್ಮ ಹುಣಸೂರಿನ ದೇವರಾಜ ಅರಸರ ಸರ್ಕಾರವನ್ನೂ ವಜಾ ಮಾಡಿದರು. ಲೋಕಸಭೆಯ 28ರಲ್ಲಿ 26 ಸೀಟು ಕಾಂಗ್ರೆಸ್ಸಿಗೆ ಕೊಟ್ಟ ರಾಜ್ಯ ಇದು. ಆಗ ಚುನಾಯಿತ ರಾಷ್ಟ್ರಪತಿ ಸಂಜೀವ ರೆಡ್ಡಿ ಇದ್ದರು. ಆರಿಸಿಬಂದ ರಾಷ್ಟ್ರಪತಿ ಸಹಿ ಹಾಕಿದರೆ ಯಾರೂ ಕೇಳುವುದಿಲ್ಲ, ಹಂಗಾಮಿಯವರು ಒಂದು ದಿನ ಯೋಚಿಸಿದರೆ ಐವತ್ತು ವರ್ಷ ಬೈಯುತ್ತಾರೆ.

ವಿಸಿ ನಾಲೆ ಪಕ್ಕದವ (ಮಂಡ್ಯ)
ಹುಣಸೂರಣ್ಣ, ವ್ಯತ್ಯಾಸ ಅಲ್ಲೇ ಇರೋದು. ರಾಷ್ಟ್ರಪತಿನ ಆರಿಸೋಕೆ ಸಂಸದರ ಜೊತೆ ಎಲ್ಲಾ ರಾಜ್ಯದ ಶಾಸಕರೂ ಓಟು ಹಾಕ್ತಾರೆ. ಉಪರಾಷ್ಟ್ರಪತಿಗೆ ಬರೀ ಸಂಸದರು. 1974ರಲ್ಲಿ ಜತ್ತಿ 521–141ರಲ್ಲಿ ಗೆದ್ದಿದ್ದು ಸಂಸತ್ತಿನ ಓಟಲ್ಲಿ. ಅಂಥವರು ರಾಜ್ಯಗಳ ವಿಧಾನಸಭೆ ಬರ್ಖಾಸ್ತು ಮಾಡೋ ಕಾಗದಕ್ಕೆ ಸಹಿ ಹಾಕ್ಬೇಕಾಯ್ತು, ಆ ಶಾಸಕರಿಗೆ ಅವರನ್ನ ಆರಿಸೋದ್ರಲ್ಲಿ ಪಾಲೇ ಇರಲಿಲ್ಲ. ಹುದ್ದೆ ಇರಲೇಬೇಕು ಅಂತ ನೀವೆಲ್ಲ ಅಂದ್ರೆ, ಶಾಸಕರಿಗೂ ಓಟು ಕೊಡಿ. ಇಲ್ಲದಿದ್ರೆ ದೆಹಲಿಯಲ್ಲಿ ಬಹುಮತ ಇರೋ ಪಕ್ಷ ತನ್ನವರಿಗೆ ಕೊಡೋ ಹುದ್ದೆ ಆಗೇ ಉಳಿಯುತ್ತೆ. 2022ರಲ್ಲಿ ನಮ್ಮ ಮಾರ್ಗರೆಟ್ ಆಳ್ವ ನಿಂತಿದ್ರಲ್ಲ, 528ರ ಎದುರು 182. ಫಲಿತಾಂಶ ಮೊದಲೇ ಎಲ್ಲರಿಗೂ ಗೊತ್ತಿತ್ತು.

ನಿವೃತ್ತ ಮೇಷ್ಟ್ರು, ಸರಸ್ವತೀಪುರಂ
ಶಾಸಕರಿಗೆ ಮತ ಕೊಡುವ ಮಾತು ನನಗೂ ಯೋಗ್ಯ ಅನ್ನಿಸುತ್ತದೆ. ಆದರೆ ಪಕ್ಷದವರು ಅಂದಮಾತ್ರಕ್ಕೆ ಹಗುರ ಮಾಡಬೇಡಿ. ರಾಧಾಕೃಷ್ಣನ್ ಎರಡು ಸಲವೂ ಅವಿರೋಧವಾಗಿ ಆಯ್ಕೆಯಾದರು. 1992ರಲ್ಲಿ ಕೆ.ಆರ್. ನಾರಾಯಣನ್ ಅವರಿಗೆ ಎದುರಾಳಿಗೆ ಬಿದ್ದ ಒಂದು ಮತ ಬಿಟ್ಟು ಉಳಿದ 700 ಮತ ಬಂದವು. ಹಿದಾಯತುಲ್ಲಾ 1979ರಲ್ಲಿ ಅವಿರೋಧ ಆಯ್ಕೆ, 1982ರ ಅಕ್ಟೋಬರ್‌ನಲ್ಲಿ ಜೈಲ್ ಸಿಂಗ್ ಚಿಕಿತ್ಸೆಗೆ ಅಮೆರಿಕಕ್ಕೆ ಹೋದಾಗ ಎರಡನೇ ಸಲ ರಾಷ್ಟ್ರಪತಿಯ ಕೆಲಸ ನೋಡಿಕೊಂಡರು. ಪಕ್ಷಗಳು ಮನಸ್ಸು ಮಾಡಿದರೆ ಎಲ್ಲರೂ ಒಪ್ಪುವವರು ಸಿಗುತ್ತಾರೆ.

ವಕೀಲರು, ಮಂಡ್ಯ ಕೋರ್ಟು
ಶಾಸಕರ ಮತದ ವಿಚಾರದಲ್ಲಿ ನನ್ನ ತಕರಾರಿದೆ. ಉಪರಾಷ್ಟ್ರಪತಿಯ ನಿತ್ಯದ ಕೆಲಸ ರಾಜ್ಯಸಭೆ ನಡೆಸುವುದು, ಅದಕ್ಕೆ ಸಂಸದರು ಆರಿಸುವುದು ಸರಿಯಾಗಿಯೇ ಇದೆ. ಹಂಗಾಮಿಯ ಕಾಲಕ್ಕೆ ಮಿತಿಯಿದೆ, ರಾಷ್ಟ್ರಪತಿ ತೀರಿಕೊಂಡರೆ ಆರು ತಿಂಗಳೊಳಗೆ ಚುನಾವಣೆ ಆಗಲೇಬೇಕು. ಅಮೆರಿಕದಲ್ಲಿ ಹಾಗಲ್ಲ, ಅಲ್ಲಿ ಉಪಾಧ್ಯಕ್ಷರು ಉಳಿದ ಅವಧಿ ಪೂರ್ತಿ ಅಧ್ಯಕ್ಷರಾಗುತ್ತಾರೆ.

ಸರಿಪಡಿಸಬೇಕಾದದ್ದು ಇನ್ನೊಂದಿದೆ. ಉಪರಾಷ್ಟ್ರಪತಿ ಸ್ಥಾನ ಮಧ್ಯದಲ್ಲಿ ತೆರವಾದರೆ ಎಷ್ಟು ದಿನದಲ್ಲಿ ತುಂಬಬೇಕು ಅನ್ನುವುದಕ್ಕೆ 68ನೇ ವಿಧಿಯಲ್ಲಿ ಗಡುವಿಲ್ಲ, ಸಾಧ್ಯವಾದಷ್ಟು ಬೇಗ ಅಂತಷ್ಟೇ ಇದೆ. 2002ರ ಜುಲೈ 27ರಂದು ಕೃಷ್ಣಕಾಂತ್ ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು. ಕಲಾಂ ರಾಷ್ಟ್ರಪತಿಯಾಗಿ ಎರಡೇ ದಿನವಾಗಿತ್ತು. ಶೆಖಾವತ್ ಬಂದದ್ದು ಆಗಸ್ಟ್ 19ಕ್ಕೆ. 2025ರ ಜುಲೈ 21ರ ರಾತ್ರಿ ಧನ್ಕರ್ ಆರೋಗ್ಯದ ಕಾರಣ ಹೇಳಿ ರಾಜೀನಾಮೆ ಕೊಟ್ಟರು. ಸಿ.ಪಿ. ರಾಧಾಕೃಷ್ಣನ್ ಪ್ರಮಾಣವಚನ ತೆಗೆದುಕೊಂಡದ್ದು ಸೆಪ್ಟೆಂಬರ್ 12ಕ್ಕೆ.

ಓದುಗಿ, ಅಗ್ರಹಾರ (ಮೈಸೂರು)
ಅಂದರೆ 2025ರಲ್ಲಿ ಐವತ್ತು ದಿನಕ್ಕೂ ಹೆಚ್ಚು ನಾವು 1969ರ ಜಾಗದಲ್ಲೇ ಇದ್ದೆವು. ಆ ನಡುವೆ ರಾಷ್ಟ್ರಪತಿಗೆ ಏನಾದರೂ ಆಗಿದ್ದರೆ ಮತ್ತೆ ಮುಖ್ಯ ನ್ಯಾಯಮೂರ್ತಿಯೇ ಸಹಿ ಹಾಕಬೇಕಿತ್ತು, ಮತ್ತೆ ಅದೇ ಕಾಯ್ದೆಗಳು ಅವರ ಕೋರ್ಟಿಗೇ ಬರಬೇಕಿತ್ತು.

ವಿಸಿ ನಾಲೆ ಪಕ್ಕದವ (ಮಂಡ್ಯ)
ಇದನ್ನ ಒಪ್ತೀನಿ ಅಕ್ಕ. ಗಡುವು ಬೇಕು, ಮೂವತ್ತು ದಿನ ಅಂತ ಬರೀಲಿ. ಓಟರ್‌ಗಳೆಲ್ಲ ಸಂಸತ್ತಿನಲ್ಲೇ ಇರೋವಾಗ ಅಷ್ಟು ಸಾಕು. ಶಾಸಕರ ಓಟಿನ ವಿಚಾರದಲ್ಲಿ ಮಾತ್ರ ವಕೀಲ್ ಸಾರ್ ಮಾತು ನನಗೆ ಇನ್ನೂ ಒಪ್ಪಿಗೆಯಿಲ್ಲ.

ವಕೀಲರು, ಮಂಡ್ಯ ಕೋರ್ಟು
ಶಾಸಕರನ್ನೂ ಸೇರಿಸಿದರೆ ಮೂವತ್ತು ದಿನ ಸಾಲುವುದಿಲ್ಲ. ನಿಮ್ಮ ಎರಡು ಬೇಡಿಕೆಗಳಲ್ಲಿ ಯಾವುದು ಮೊದಲು ಅಂತ ನೀವೇ ಹೇಳಿ.

ವಿಸಿ ನಾಲೆ ಪಕ್ಕದವ (ಮಂಡ್ಯ)
ಶಾಸಕರ ಓಟು ಮೊದಲು. ಅರವತ್ತು ದಿನ ಆದ್ರೂ ಪರವಾಗಿಲ್ಲ.