4.5 ಸೆಂ.ಮೀ. ಚಾಕೊಲೇಟ್ ಸಿಸ್ಟ್: ಮೊದಲು ಆಪರೇಷನ್ನೋ, ಐವಿಎಫ್ಫೋ?

ಪ್ರಶ್ನೆ
ವಯಸ್ಸು 35. ಮಗುವಿಗಾಗಿ ಪ್ರಯತ್ನಿಸುತ್ತ 3 ವರ್ಷ, ಇದುವರೆಗೆ ಗರ್ಭ ನಿಂತಿಲ್ಲ. ಎಡ ಅಂಡಾಶಯದಲ್ಲಿ 4.5 ಸೆಂ.ಮೀ. ಚಾಕೊಲೇಟ್ ಸಿಸ್ಟ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್ ಕಾಯಿಲೆಯಿಂದಾದ, ಹಳೇ ರಕ್ತ ತುಂಬಿದ ಚೀಲ), ಎಎಂಎಚ್ (ಮೊಟ್ಟೆಗಳ ಸಂಗ್ರಹ ಎಷ್ಟಿದೆ ಎಂದು ತೋರಿಸುವ ರಕ್ತಪರೀಕ್ಷೆ) 1.1. ಎಚ್‌ಎಸ್‌ಜಿಯಲ್ಲಿ (ಟ್ಯೂಬ್‌ಗಳ ಎಕ್ಸ್‌ರೇ) ಎರಡೂ ಟ್ಯೂಬ್ ತೆರೆದಿವೆ. ಗಂಡನ ರಿಪೋರ್ಟ್ ನಾರ್ಮಲ್. ಮುಟ್ಟಿನ ನೋವು ಮಾತ್ರೆಗೆ ತಗ್ಗುತ್ತದೆ. ಒಬ್ಬ ಡಾಕ್ಟರು ಮೊದಲು ಸಿಸ್ಟ್ ತೆಗೆಸಿ ಅಂತಾರೆ, ಇನ್ನೊಬ್ಬರು ನೇರ ಐವಿಎಫ್ (ಮೊಟ್ಟೆ ಹೊರತೆಗೆದು ಲ್ಯಾಬಿನಲ್ಲಿ ಭ್ರೂಣ ಮಾಡುವುದು) ಅಂತಾರೆ.

ಉತ್ತರ 1
ಇಲ್ಲಿ ಲೆಕ್ಕಕ್ಕೆ ಬರುವುದು ಸಿಸ್ಟ್ ಗಾತ್ರಕ್ಕಿಂತ ಎಎಂಎಚ್. ಚಾಕೊಲೇಟ್ ಸಿಸ್ಟಿನ ಗೋಡೆ ಅಂಡಾಶಯಕ್ಕೆ ಅಂಟಿಕೊಂಡಿರುತ್ತದೆ. ಸುಲಿದು ತೆಗೆಯುವಾಗ ಮೊಟ್ಟೆಗಳಿರುವ ಒಳ್ಳೆಯ ಪದರವೂ ಜೊತೆಗೆ ಕಿತ್ತು ಬರುತ್ತದೆ. ರಕ್ತ ನಿಲ್ಲಿಸಲು ಬೈಪೋಲಾರ್ ಎಂಬ ವಿದ್ಯುತ್ ಉಪಕರಣದಿಂದ ಸುಟ್ಟರೆ ಉಳಿದದ್ದಕ್ಕೂ ಪೆಟ್ಟು. ಮೊದಲೇ ಸಂಗ್ರಹ ಕಡಿಮೆ, 1.1 ಇರುವವರಿಗೆ ಇದು ದುಬಾರಿ. ಐವಿಎಫ್‌ಗೆ ಮುಂಚೆ ಸಿಸ್ಟ್ ತೆಗೆಸಿದರೆ ಮಗುವಾಗುವ ಸಾಧ್ಯತೆ ಹೆಚ್ಚುತ್ತದೆ ಎನ್ನಲು ಆಧಾರವಿಲ್ಲ. ಯುರೋಪಿನ ಸಂತಾನ ಚಿಕಿತ್ಸಾ ತಜ್ಞರ ಸಂಸ್ಥೆ ಎಶ್ರೆಯ 2022ರ ಮಾರ್ಗಸೂಚಿಯೂ ಅದಕ್ಕೆಂದೇ ಆಪರೇಷನ್ ಮಾಡುವ ವಾಡಿಕೆ ಬೇಡ ಎನ್ನುತ್ತದೆ.

ನನ್ನ ಓಟು ಐವಿಎಫ್‌ಗೆ. ಆಪರೇಷನ್ ಮೊದಲು ಬೇಕಾಗುವುದು ನೋವು ತಡೆಯಲಾಗದಿದ್ದರೆ, ಸ್ಕ್ಯಾನಿನಲ್ಲಿ ಸಿಸ್ಟ್ ಒಳಗೆ ರಕ್ತ ಹರಿಯುವ ಗಟ್ಟಿ ಭಾಗ (ಕ್ಯಾನ್ಸರ್ ಶಂಕೆ) ಕಂಡರೆ, ಇಲ್ಲವೇ ಸಿಸ್ಟ್ ಅಡ್ಡ ಬಂದು ಐವಿಎಫ್‌ನಲ್ಲಿ ಮೊಟ್ಟೆ ತೆಗೆಯುವ ಸೂಜಿ ಮೊಟ್ಟೆ ತಲುಪದಿದ್ದರೆ. ಟ್ಯೂಬಿನಲ್ಲಿ ನೀರು ತುಂಬಿದ್ದರೆ ಅದು ಬೇರೆಯೇ ಮಾತು: ಆ ನೀರು ಗರ್ಭಕೋಶಕ್ಕೆ ಇಳಿದು ಭ್ರೂಣ ಕಚ್ಚಿಕೊಳ್ಳದಂತೆ ಮಾಡುತ್ತದೆ, ಟ್ಯೂಬ್ ತೆಗೆಸಬೇಕು ಅಥವಾ ಕ್ಲಿಪ್ ಹಾಕಿಸಬೇಕು.

ಉತ್ತರ 2
ಒಪ್ಪುತ್ತೇನೆ, ಆದರೆ ಆಪರೇಷನ್ನನ್ನು ಪೂರ್ತಿ ತಳ್ಳಿಹಾಕಬೇಡಿ; ಮಾಡಿಸುವುದಾದರೆ ನಿಮಗೆ ಹೊಂದದ ಅಂಕಿ ನಂಬಿ ಮಾಡಿಸಬೇಡಿ. ಕೆನಡಾದ 1997ರ ಅಧ್ಯಯನದಲ್ಲಿ, ಅಲ್ಪ ಮಟ್ಟದ ಎಂಡೊಮೆಟ್ರಿಯೋಸಿಸ್ ಇದ್ದ 341 ಮಹಿಳೆಯರ ಪೈಕಿ ಲ್ಯಾಪರೊಸ್ಕೊಪಿಯಲ್ಲಿ ಕಲೆಗಳನ್ನು ತೆಗೆಸಿಕೊಂಡವರಲ್ಲಿ ಸುಮಾರು 31% ಮಂದಿಗೆ, ತೆಗೆಸದವರಲ್ಲಿ 18% ಮಂದಿಗೆ 36 ವಾರದಲ್ಲಿ ಗರ್ಭ ನಿಂತಿತು. ಅದನ್ನೇ ನಿಮಗೂ ತೋರಿಸಿ ಆಪರೇಷನ್‌ಗೆ ಒಪ್ಪಿಸುವವರಿದ್ದಾರೆ. 3 ಸೆಂ.ಮೀ. ದಾಟಿದ ಸಿಸ್ಟ್ ಇದ್ದರೆ ಅಲ್ಪ ಮಟ್ಟವಲ್ಲ, ನಾಲ್ಕು ಹಂತಗಳಲ್ಲಿ ಕನಿಷ್ಠ ಮೂರನೆಯದು, ಆದ್ದರಿಂದ ಆ ಅಂಕಿ ನಿಮಗೆ ಹೊಂದುವುದಿಲ್ಲ.

ಆಪರೇಷನ್ ಆದರೆ ಇಎಫ್‌ಐ ಅಂಕ (ಆಮೇಲೆ ಸಹಜವಾಗಿ ಗರ್ಭ ನಿಲ್ಲುವ ಸಾಧ್ಯತೆಯ ಅಂದಾಜು) ಕೇಳಿ, 10ಕ್ಕೆ ಇರುತ್ತದೆ. ವಯಸ್ಸು 35ರವರೆಗೆ ಇದ್ದರೆ 2 (36ರಿಂದ 39ಕ್ಕೆ 1), ಕಾದದ್ದು 3 ವರ್ಷದವರೆಗೆ ಇದ್ದರೆ 2, ಹಿಂದೆ ಗರ್ಭ ನಿಂತಿದ್ದರೆ 1; ಉಳಿದ 5 ಹೊಟ್ಟೆಯೊಳಗೆ ನೋಡಿ ಕೊಡುವಂಥವು. ಮೊದಲ 5ರಲ್ಲಿ ನಿಮಗೆ ಈಗ 4 ಇದೆ. ವರ್ಷ ಉರುಳಿದರೆ ಎರಡೂ ಗಡಿ ದಾಟಿ ಅದು 1ಕ್ಕೆ ಇಳಿಯುತ್ತದೆ.

ಪ್ರಶ್ನೆ ಕೇಳಿದವರು
ಆಪರೇಷನ್ ನಂತರ 3 ತಿಂಗಳು ಲ್ಯೂಪ್ರೊಲೈಡ್ ಇಂಜೆಕ್ಷನ್ ಬೇಕಂತೆ, ಹೌದಾ?

ಉತ್ತರ 1
ಸಹಜವಾಗಿ ಪ್ರಯತ್ನಿಸುವವರಿಗೆ ಬೇಡ. ಅದು ಅಂಡೋತ್ಪತ್ತಿಯನ್ನೇ ನಿಲ್ಲಿಸುತ್ತದೆ, ಆ ತಿಂಗಳುಗಳು ವ್ಯರ್ಥ. ಐವಿಎಫ್‌ಗೆ ಮುಂಚೆ ಕೆಲವರು ಕೊಡುತ್ತಾರೆ, ಎಲ್ಲರಿಗೂ ಕೊಡುವಷ್ಟು ಪುರಾವೆ ಇಲ್ಲ.

ಸಿಸ್ಟ್ ಇಟ್ಟುಕೊಂಡೇ ಮೊಟ್ಟೆ ತೆಗೆಸುವುದಾದರೆ ಒಂದು ಎಚ್ಚರಿಕೆ: ಸೂಜಿ ಸಿಸ್ಟಿಗೆ ತಾಗಬಾರದು, ಹಳೇ ರಕ್ತ ಸೋರಿ ಕೀವಾಗಬಹುದು. ಆಂಟಿಬಯೋಟಿಕ್ ಮೊದಲೇ ಕೊಡುತ್ತಾರಾ ಅಂತ ಕೇಳಿ. ಆಮೇಲೆ ಜ್ವರ, ಕಿಬ್ಬೊಟ್ಟೆ ನೋವು ಬಂದರೆ, ಎರಡು ವಾರ ಕಳೆದಿದ್ದರೂ, ಪ್ಯಾರಾಸಿಟಮಾಲ್ ನುಂಗಿ ಕೂರದೆ ಆಸ್ಪತ್ರೆಗೆ ಹೋಗಿ ಸ್ಕ್ಯಾನ್ ಮಾಡಿಸಿ.