ಚದುರಂಗದ ‘ಸೈಡ್‌ಲೈನ್’ಗೆ ‘ಅಡ್ಡದಾರಿ’ ಅನ್ನಬಹುದೇ?

ಗೆಳೆಯರೇ,

ಒಂದು ಪದದ ವಿಚಾರದಲ್ಲಿ ನಿಮ್ಮ ಸಲಹೆ ಬೇಕು. ಭಾನುವಾರ ಬೆಳಿಗ್ಗೆ ನಮ್ಮ ಬೀದಿಯ ಏಳೆಂಟು ಮಕ್ಕಳಿಗೆ ಚದುರಂಗ ಹೇಳಿಕೊಡುತ್ತೇನೆ. ಅವರಿಗೆ ಅಂತಲೇ ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದೇನೆ. ಆಟದ ಶುರುವಿನಲ್ಲಿ ಹೆಚ್ಚಿನವರು ಆಡುವ ನಡೆಗಳಿಗೆ ‘ಮೇನ್ ಲೈನ್’ ಅಂತಾರೆ, ಅಪರೂಪಕ್ಕೆ ಯಾರೋ ಆಡುವುದಕ್ಕೆ ‘ಸೈಡ್‌ಲೈನ್’. ಮೊದಲನೆಯದಕ್ಕೆ ‘ಹೆದ್ದಾರಿ’ ಅಂತ ಬರೆದೆ. ಎರಡನೆಯದಕ್ಕೆ ಜಾಸ್ತಿ ಯೋಚಿಸದೆ ‘ಅಡ್ಡದಾರಿ’ ಅಂತ ಬರೆದೆ.

ಪಾಠಕ್ಕೆ ಆರಿಸಿಕೊಂಡ ಸೈಡ್‌ಲೈನ್ ಬಿ4 ನಡೆ. (ಅಕ್ಷರ ಯಾವ ಉದ್ದ ಸಾಲು ಅಂತ ಹೇಳುತ್ತದೆ, ಅಂಕಿ ಬಿಳಿಯವರ ಕಡೆಯಿಂದ ಎಷ್ಟನೇ ಮನೆ ಅಂತ.) ಬಿಳಿ ಕಾಯಿಯವರು ಮೊದಲಿಗೇ ಮಂತ್ರಿ ಕಡೆಯ ಬಿ ಸಾಲಿನ ಕಾಲಾಳನ್ನು ಎರಡು ಮನೆ ಮುಂದಿಡುತ್ತಾರೆ. (ನಾನು ಮಂತ್ರಿ ಅನ್ನುತ್ತೇನೆ, ಮಕ್ಕಳು ರಾಣಿ ಅಂತಾರೆ. ಬಿಷಪ್‌ಗೆ ಒಂಟೆ, ಮೂಲೆಯಲ್ಲಿರುವುದಕ್ಕೆ ಆನೆ ಅನ್ನುವುದರಲ್ಲಿ ನಮ್ಮಲ್ಲಿ ಜಗಳವಿಲ್ಲ.) ಈ ಶುರುವಾತಿಗೆ ಪೋಲಿಷ್ ಓಪನಿಂಗ್ ಅಂತ ಹೆಸರು. ಸೋವಿಯತ್ ಆಟಗಾರ ಸೊಕೊಲ್ಸ್ಕಿ 1963ರಲ್ಲಿ ಇದರ ಮೇಲೇ ಒಂದು ಪುಸ್ತಕ ಬರೆದ, ಹಾಗಾಗಿ ಅವನ ಹೆಸರೂ ಸೇರಿಕೊಂಡಿದೆ. ಮಕ್ಕಳಿಗೆ ಇಷ್ಟವಾದ ಹೆಸರು ಮಾತ್ರ ಒರಾಂಗುಟಾನ್. 1924ರ ನ್ಯೂಯಾರ್ಕ್ ಟೂರ್ನಿಯ ಹೊತ್ತಿನಲ್ಲಿ ಅದರಲ್ಲಿ ಆಡುತ್ತಿದ್ದ ಟಾರ್ಟಕೋವರ್ ಅಲ್ಲಿನ ಮೃಗಾಲಯಕ್ಕೆ ಹೋಗಿದ್ದ. ಸೂಸನ್ ಅನ್ನುವ ಒರಾಂಗುಟಾನನ್ನು ನೋಡಿ ಬಂದವನು ಇನ್ನೊಬ್ಬ ಆಟಗಾರ ಮರೋಟ್ಸಿಯ ಎದುರು ಬಿ4 ಆಡಿದ. ಗೆದ್ದದ್ದು ಕಪ್ಪು ಕಾಯಿ ಹಿಡಿದ ಮರೋಟ್ಸಿ.

ಕಳೆದ ತಿಂಗಳು ನಮ್ಮ ಗುಂಪಿನ ಹುಡುಗಿಯೊಬ್ಬಳು ಒಂದು ಸಣ್ಣ ಪಂದ್ಯಕ್ಕೆ ಹೋಗಿದ್ದಳು. ಅವಳದು ಕಪ್ಪು ಕಾಯಿ. ಎದುರಿನ ಹುಡುಗ ಬಿ4 ಆಡಿದ. ಇವಳು ಇ5ಕ್ಕೆ ಕಾಲಾಳು ಇಟ್ಟಳು, ಸರಿಯಾದ ಉತ್ತರವೇ. ಅವನು ಒಂಟೆಯನ್ನು ಬಿ2ಕ್ಕೆ ತಂದ. ಇವಳು ತನ್ನ ಒಂಟೆಯಿಂದ ಬಿ4ರ ಕಾಲಾಳನ್ನು ಹೊಡೆದಳು. ಅವನ ಒಂಟೆ ಇ5ರ ಕಾಲಾಳನ್ನು ಹೊಡೆಯಿತು. ಅಲ್ಲಿಯವರೆಗೂ ಎಲ್ಲ ಚೆನ್ನಾಗಿತ್ತು. ಆಮೇಲೆ ಇವಳು ಮಂತ್ರಿಯನ್ನು ಇ7ಕ್ಕೆ ತಂದು ಆ ಒಂಟೆಯನ್ನು ಹೆದರಿಸಿದಳು. ಅದು ಓಡುವ ಬದಲು ಜಿ7ರ ಕಾಲಾಳನ್ನು ತಿಂದಿತು. ಮೂಲೆಯಲ್ಲಿದ್ದ ಆನೆಗೆ ಕದಲಲೂ ಜಾಗವಿಲ್ಲ. ಮುಂದಿನ ನಡೆಗೆ ಅದೂ ಹೋಯಿತು.

ಯಾಕೆ ಹಾಗೆ ಆಡಿದೆ ಪುಟ್ಟಿ ಅಂತ ಕೇಳಿದೆ. ‘ಸರ್, ಅವನು ಅಡ್ಡದಾರೀಲಿ ಬಂದ ಅಲ್ವಾ? ತಕ್ಷಣ ಹೊಡೀಬೇಕು ಅನ್ನಿಸ್ತು’ ಅಂದಳು.

ಅವಳ ಮಾತಿನಲ್ಲಿ ತಪ್ಪಿಲ್ಲ. ಕನ್ನಡದಲ್ಲಿ ಅಡ್ಡದಾರಿ ಹಿಡಿದ ಅಂದರೆ ಕೆಟ್ಟ ಅಂತಲೇ ಅರ್ಥ. ನನ್ನ ಟಿಪ್ಪಣಿ ಓದಿದ ಮಗು ಎದುರಾಳಿ ಏನೋ ತಪ್ಪು ಮಾಡಿದ್ದಾನೆ, ಶಿಕ್ಷೆ ಕೊಡಬೇಕು ಅಂದುಕೊಂಡಿತು. ಆದರೆ ಬಿ4 ತಪ್ಪು ನಡೆಯಲ್ಲ. ಬಿಳಿಯವನು ಬದಿಯ ಕಾಲಾಳು ಕೊಟ್ಟು ನಡುವಿನ ಕಾಲಾಳು ಪಡೆದ. ಬದಲಿಗೆ ಕಪ್ಪಿನವಳ ಕಾಯಿಗಳು ಬೇಗ ಬೇಗ ಹೊರಗೆ ಬರುತ್ತವೆ. ಲೆಕ್ಕ ಸರಿಸುಮಾರು ಸಮ. ಅಲ್ಲಿ ಬೇಕಿದ್ದದ್ದು ಸುಮ್ನೆ ಕುದುರೆಯನ್ನು ಎಫ್6ಕ್ಕೆ ತರುವುದು. ಒಂಟೆಗೂ ಜಿ7ಕ್ಕೂ ನಡುವೆ ಕುದುರೆ ನಿಂತರೆ ಆನೆ ಕ್ಷೇಮ. ಅವನು ಕುದುರೆಯನ್ನು ಹೊಡೆದರೆ ಮಂತ್ರಿಯಿಂದ ವಾಪಸ್ ಹೊಡೆದರಾಯಿತು. ಆಗ ಮಂತ್ರಿಯ ಕಣ್ಣು ನೇರ ಎ1ರಲ್ಲಿರುವ ಅವನ ಆನೆಯ ಮೇಲೆ, ಯಾಕಂದರೆ ಆ ಓರೆ ಸಾಲಿನಲ್ಲಿ ಈಗ ತಡೆಯುವವರೇ ಇಲ್ಲ. ಅವನು ಸಿ3ಕ್ಕೆ ಕಾಲಾಳು ಇಟ್ಟು ತಡೆದರೆ, ನಮ್ಮ ಒಂಟೆ ಸಿ5ಕ್ಕೆ ಸರಿದು ಎಫ್2ರಲ್ಲಿ ಮಾತ್ ಮಾಡುವ (ರಾಜನಿಗೆ ತಪ್ಪಿಸಿಕೊಳ್ಳಲು ದಾರಿಯಿಲ್ಲದಂತೆ ಆಟ ಮುಗಿಸುವ) ಬೆದರಿಕೆ ಹಾಕುತ್ತದೆ. ಅವನು ಕುದುರೆಯನ್ನು ಮುಟ್ಟದಿದ್ದರೆ ಕ್ಯಾಸ್ಲಿಂಗ್ ಮಾಡಿ (ರಾಜನನ್ನು ಆನೆಯ ಕಡೆಗೆ ಎರಡು ಮನೆ ಸರಿಸಿ, ಆನೆಯನ್ನು ಅವನ ಆಚೆ ಪಕ್ಕಕ್ಕೆ ಇಟ್ಟು) ಡಿ5 ಆಡಿದರೆ ಸಾಕು. ಅವಸರವೇ ಬೇಡ.

ಹಾಗಾಗಿ ಈ ಪದ ಬದಲಿಸಲೇಬೇಕು. ವಿಚಿತ್ರ ಅಂದರೆ ‘ಅಡ್ಡ’ ಅನ್ನುವುದು ತಾನಾಗಿ ಕೆಟ್ಟ ಮಾತಲ್ಲ. ಅಡ್ಡಹೆಸರು ಇದೆ, ದೇವರಿಗೆ ಅಡ್ಡಬೀಳುತ್ತೇವೆ. ಬೆಂಗಳೂರಿನಲ್ಲಿ 5ನೇ ಅಡ್ಡರಸ್ತೆ ಅಂತ ಬೋರ್ಡೇ ಇರುತ್ತದೆ, ಅಲ್ಲಿ ವಾಸಿಸುವವರನ್ನು ಯಾರೂ ಅನುಮಾನಿಸುವುದಿಲ್ಲ. ರಸ್ತೆಯ ಜೊತೆ ಸೇರಿದಾಗ ಬರೀ ದಿಕ್ಕು, ದಾರಿಯ ಜೊತೆ ಸೇರಿದಾಗ ನಡತೆ. ಹಾಗಂತ ಚದುರಂಗದಲ್ಲಿ ‘ಅಡ್ಡರಸ್ತೆ’ ಅಂತ ಬರೆದರೆ ಮಕ್ಕಳು ಮನೆ ವಿಳಾಸ ಅಂದುಕೊಳ್ಳುತ್ತಾರೆ.

ಬೇರೆ ಪದಗಳನ್ನೂ ನೋಡಿದೆ. ‘ಕವಲು’ ಚೆನ್ನಾಗಿದೆ, ಆದರೆ ಹೆದ್ದಾರಿಯೂ ಒಂದು ಕವಲೇ. ಅದನ್ನು ‘ವೇರಿಯೇಷನ್’ಗೆ, ಅಂದರೆ ಆಟ ಹಿಡಿಯಬಹುದಾದ ಯಾವುದೇ ನಡೆಸಾಲಿಗೆ, ಇಟ್ಟುಕೊಳ್ಳುವುದು ವಾಸಿ. ‘ಒಳದಾರಿ’ ಅಂದರೆ ಬೇಗ ತಲುಪಿಸುತ್ತದೆ ಅನ್ನುವ ಆಸೆ ಹುಟ್ಟುತ್ತದೆ. ‘ಬಳಸುದಾರಿ’ ಅಂದರೆ ತಡವಾಗುತ್ತದೆ ಅಂತ. ಎರಡೂ ಮೊದಲೇ ತೀರ್ಪು ಕೊಟ್ಟುಬಿಡುತ್ತವೆ.

ಈಗ ನನ್ನ ಮನಸ್ಸು ‘ಕಾಲುದಾರಿ’ಯ ಮೇಲಿದೆ. ತೋಟದ ಬೇಲಿ ಪಕ್ಕ ಹೋಗುತ್ತದಲ್ಲ, ಅಂಥದ್ದು. ಓಡಾಡುವವರು ಕಡಿಮೆ, ಹುಲ್ಲು ಬೆಳೆದಿರುತ್ತದೆ, ಕಾಲಿಡುವ ಮುಂಚೆ ನೋಡಿಕೊಳ್ಳಬೇಕು. ಆದರೆ ಅಲ್ಲಿ ನಡೆಯುವವನನ್ನು ಯಾರೂ ಕೆಟ್ಟವನು ಅನ್ನುವುದಿಲ್ಲ. ಹೆದ್ದಾರಿಗೆ ಸರಿಯಾದ ಜೋಡಿ. ಕಾಲಾಳಿನಲ್ಲಿರುವ ಕಾಲೇ ಇದರಲ್ಲೂ ಇದೆ ಅನ್ನುವುದು ನನಗೆ ಇನ್ನೂ ಖುಷಿ. ಹೋದ ವಾರ ‘ಅವನು ಕಾಲುದಾರೀಲಿ ಬಂದರೆ ಏನು ಮಾಡ್ತೀಯ?’ ಅಂತ ಅದೇ ಹುಡುಗಿಯನ್ನು ಕೇಳಿದೆ. ‘ಮೊದಲು ಎಲ್ಲಿಗೆ ಹೋಗ್ತಾನೆ ನೋಡ್ತೀನಿ ಸರ್’ ಅಂದಳು.

ಎರಡು ವಿಷಯ ತಿಳಿಸಿ. ಧಾರವಾಡದ ಕಡೆಯವರು ದಾರಿಗಿಂತ ಹಾದಿ ಅನ್ನುವುದೇ ಜಾಸ್ತಿ. ನಿಮ್ಮ ಕಿವಿಗೆ ‘ಅಡ್ಡಹಾದಿ’ಯಲ್ಲೂ ಇದೇ ಕೆಟ್ಟ ಅರ್ಥ ಕೇಳುತ್ತದೆಯೇ? ‘ಕಾಲುಹಾದಿ’ ನಿಮಗೆ ಹೆಚ್ಚು ಒಗ್ಗುತ್ತದೆಯೇ? ಇನ್ನೊಂದು, ಎದುರಾಳಿ ಕಾಲುದಾರಿ ‘ಹಿಡಿದ’ ಅನ್ನಲೇ, ‘ತುಳಿದ’ ಅನ್ನಲೇ? ತುಳಿದ ಅಂದ ಕೂಡಲೇ ನನಗೆ ಮತ್ತೆ ಅಡ್ಡದಾರಿಯ ನೆನಪೇ ಬರುತ್ತದೆ. ಸದ್ಯಕ್ಕೆ ‘ಕಾಲುದಾರಿಗೆ ಇಳಿದ’ ಅಂತ ಬರೆದಿಟ್ಟಿದ್ದೇನೆ.