ಭಾವನ ಲಿವರ್‌ಪೂಲ್ ಕಪ್‌ಗೆ ಈಗಲೂ ಸ್ಟಾರ್ ಗುರುತು ಹಾಕುತ್ತೇನೆ. ನ್ಯಾಯ ಅಲ್ವಾ?

ಕೆಂಪು ಗಿರ್ಮಿಟ್, ಹುಬ್ಬಳ್ಳಿ:

ಇಂಗ್ಲೆಂಡಿನ ಫುಟ್‌ಬಾಲ್‌ನಲ್ಲಿ ನಾನು ಮ್ಯಾಂಚೆಸ್ಟರ್ ಯುನೈಟೆಡ್ ಕಡೆಯವನು. ನಮ್ಮ ಭಾವ ಲಿವರ್‌ಪೂಲ್. ಮೊದಲೇ ಗೊತ್ತಿದ್ದರೆ ಜಾತಕದ ಜೊತೆ ಇದನ್ನೂ ಒಂದು ಸಲ ನೋಡಿ ಅಂತ ಅಪ್ಪನಿಗೆ ಹೇಳುತ್ತಿದ್ದೆ. ಉಳಿದಂತೆ ಬಹಳ ಒಳ್ಳೆ ಮನುಷ್ಯ.

2025ರ ಏಪ್ರಿಲ್‌ನಲ್ಲಿ ಲಿವರ್‌ಪೂಲ್ ಟಾಟನ್‌ಹ್ಯಾಮ್‌ಗೆ 5–1 ಹೊಡೆದು ಲೀಗ್ ಗೆದ್ದಿತಲ್ಲ, ಆವತ್ತಿನಿಂದ ಭಾವನದು ಒಂದೇ ರಾಗ: ‘ಈಗ ನಿಮಗೂ 20 ಲೀಗ್ ಕಪ್, ನಮಗೂ 20. ಸಮ ಆಯ್ತು ನೋಡಪ್ಪ.’ ನಾನು ಒಪ್ಪಿಲ್ಲ. ನನ್ನ ಲೆಕ್ಕದಲ್ಲಿ 2020ರದು ಅರ್ಧ ಕಪ್. ಅದರ ಪಕ್ಕ ಒಂದು ಸ್ಟಾರ್ ಇರಬೇಕು, ಪುಟದ ಅಡಿಯಲ್ಲಿ ‘ಖಾಲಿ ಮೈದಾನದಲ್ಲಿ ಗೆದ್ದದ್ದು’ ಅಂತ ಸಣ್ಣ ಅಕ್ಷರದಲ್ಲಿ ಬರೆದಿರಬೇಕು. ಒಟ್ಟು ಹತ್ತೊಂಬತ್ತೂವರೆ.

ಮರೆತವರಿಗೆ ಸ್ವಲ್ಪ ನೆನಪು ಮಾಡುತ್ತೇನೆ. ಆರ್ಸೆನಲ್ ಕೋಚ್ ಆರ್ಟೆಟಾಗೆ ಕೊರೊನಾ ಅಂತ ರಾತ್ರಿ ಗೊತ್ತಾಯಿತು. ಮಾರನೇ ದಿನ, 2020ರ ಮಾರ್ಚ್ 13ಕ್ಕೆ, ಇಂಗ್ಲೆಂಡಿನ ಮೊದಲ ಹಂತದ ಪ್ರೀಮಿಯರ್ ಲೀಗ್ ನಿಂತಿತು. ಲಿವರ್‌ಪೂಲ್ 29 ಮ್ಯಾಚ್ ಆಡಿ 82 ಪಾಯಿಂಟ್ ಮಾಡಿತ್ತು. ಎರಡನೇ ಸ್ಥಾನದ ಮ್ಯಾಂಚೆಸ್ಟರ್ ಸಿಟಿಗಿಂತ 25 ಜಾಸ್ತಿ. ಇನ್ನೆರಡು ಮ್ಯಾಚ್ ಗೆದ್ದರೆ ಸಾಕು, 1990ರಿಂದ ಕಾಯುತ್ತಿದ್ದ ಕಪ್ ಕೈಗೆ. ಅಂಥಾ ಹೊತ್ತಲ್ಲಿ ಲೀಗ್ ನಿಂತುಹೋಯಿತು! ಊರೆಲ್ಲ ಹೆದರಿ ಬಾಗಿಲು ಹಾಕಿಕೊಂಡಿತ್ತು, ನಾನೂ ಹೆದರಿದ್ದೆ. ಆದರೂ ಒಳಗೆ ಎಲ್ಲೋ ಒಂದು ಕಳ್ಳ ಖುಷಿ. ಸುಳ್ಳು ಯಾಕೆ ಹೇಳಲಿ.

ಆಗ ಎಲ್ಲ ಕಡೆ ಓಡಾಡುತ್ತಿದ್ದ ಮಾತು ‘ನಲ್ ಅಂಡ್ ವಾಯ್ಡ್’. ಸೀಸನ್ನೇ ನಡೆದಿಲ್ಲ ಅಂತ ಅಳಿಸಿಹಾಕುವುದು. ಗುಡ್ ಮಾರ್ನಿಂಗ್ ಬದಲು ಭಾವನಿಗೆ ದಿನಾ ಅದನ್ನೇ ಕಳಿಸುತ್ತಿದ್ದೆ. ಕೊನೆಗೆ ಅಕ್ಕ ನನ್ನನ್ನು ಫ್ಯಾಮಿಲಿ ಗ್ರೂಪ್‌ನಿಂದಲೇ ತೆಗೆದಳು. ಅತ್ತೆ ಹೇಳಿದ ಮೇಲೆ ವಾಪಸ್ ಸೇರಿಸಿದಳು.

ಇನ್ನೊಂದು ಮಾತು. ಆ 29 ಮ್ಯಾಚಲ್ಲಿ ಲಿವರ್‌ಪೂಲ್ ಕೈಯಿಂದ ಪಾಯಿಂಟ್ ಕಿತ್ತುಕೊಂಡವರು ಇಬ್ಬರೇ. ಓಲ್ಡ್ ಟ್ರಾಫರ್ಡ್‌ನಲ್ಲಿ 1–1 ಮಾಡಿದ ನಾವು, 3–0 ಹೊಡೆದ ವಾಟ್‌ಫರ್ಡ್. ಇದನ್ನು ಯಾರೂ ಹೇಳುವುದಿಲ್ಲ, ಅದಕ್ಕೇ ನಾನು ಹೇಳಿದೆ.

ಈಗ ಪ್ರಶ್ನೆ. ಸೀಸನ್ ರದ್ದಾಗಲಿ ಅಂತ ಬಯಸಿದವನು ನಾನೊಬ್ಬನೇನಾ? ಮತ್ತೆ, ಆ ಸ್ಟಾರ್ ನ್ಯಾಯವೋ ಅಲ್ಲವೋ?

ಆಸ್ಟಿನ್‌ಟೌನ್ ಹುಡುಗ:

ನೀವೊಬ್ಬರೇ ಎಲ್ಲಿ ಗುರು. ನಮ್ಮ ಭಾನುವಾರದ ಟೀಮಿನಲ್ಲಿ ಲಿವರ್‌ಪೂಲ್ ಬಿಟ್ಟು ಬೇರೆ ಎಲ್ಲರೂ ಅದೇ ಪ್ರಾರ್ಥನೆ ಮಾಡುತ್ತಿದ್ದರು. ಅಲ್ಲಿ ಇಂಗ್ಲೆಂಡಿನಲ್ಲೂ ಅಷ್ಟೇ. ಲೀಗ್ ನಿಂತ ಮಾರನೇ ದಿನವೇ ವೆಸ್ಟ್ ಹ್ಯಾಮ್ ಉಪಾಧ್ಯಕ್ಷೆ ಕ್ಯಾರನ್ ಬ್ರೇಡಿ ಸೀಸನ್ ರದ್ದು ಮಾಡುವುದೇ ನ್ಯಾಯ ಅಂತ ಪತ್ರಿಕೆಯಲ್ಲಿ ಬರೆದರು. ಅವರ ತಂಡ ಆಗ 16ನೇ ಸ್ಥಾನದಲ್ಲಿತ್ತು. ವೆಸ್ಟ್ ಹ್ಯಾಮ್, ವಾಟ್‌ಫರ್ಡ್, ಬೋರ್ನ್‌ಮತ್ ಮೂರಕ್ಕೂ 27 ಪಾಯಿಂಟ್. ಗೋಲಿನ ಲೆಕ್ಕದಲ್ಲಿ ಬೋರ್ನ್‌ಮತ್ ಕೆಳಗಿನ ಹಂತಕ್ಕೆ ಬೀಳುವ ಕೊನೆಯ ಮೂರು ಜಾಗದಲ್ಲಿ, ವೆಸ್ಟ್ ಹ್ಯಾಮ್ ಒಂಚೂರು ಮೇಲೆ. ನ್ಯಾಯ ಎಲ್ಲಿಂದ ಬಂತು ಅಂತ ಬಿಡಿಸಿ ಹೇಳಬೇಕಾ?

ಸ್ಟಾರ್ ಹಾಕಲೇಬೇಕು ಅಂದ್ರೆ ಆಸ್ಟನ್ ವಿಲ್ಲಾಗೆ ಹಾಕಿ. ಜೂನ್ 17ಕ್ಕೆ ಪ್ರೇಕ್ಷಕರಿಲ್ಲದೆ ಆಟ ಮತ್ತೆ ಶುರುವಾದ ಮೊದಲ ಮ್ಯಾಚ್. ಶೆಫೀಲ್ಡ್ ಯುನೈಟೆಡ್ ಹೊಡೆದ ಫ್ರೀಕಿಕ್ಕನ್ನು ವಿಲ್ಲಾ ಗೋಲ್‌ಕೀಪರ್ ಚೆಂಡಿನ ಸಮೇತ ಗೆರೆ ದಾಟಿಸಿಕೊಂಡು ಹೋದ. ಚೆಂಡು ಗೆರೆ ದಾಟಿದರೆ ಗೋಲ್ ಅಂತ ತಿಳಿಸುವ ರೆಫ್ರಿ ಕೈಗಡಿಯಾರ ಮಾತ್ರ ಸುಮ್ಮನಿತ್ತು. ಕ್ಯಾಮೆರಾಗಳಿಗೆ ಆಟಗಾರರು ಅಡ್ಡ ಬಂದಿದ್ದರು ಅಂತ ಆ ವ್ಯವಸ್ಥೆ ನಡೆಸುವ ಹಾಕ್‌ಐ ಕಂಪನಿ ಆಮೇಲೆ ಕ್ಷಮೆ ಕೇಳಿತು. ಮ್ಯಾಚ್ 0–0. ಕೊನೆಗೆ ವಿಲ್ಲಾ ಉಳಿದದ್ದು ಒಂದೇ ಪಾಯಿಂಟಿನ ಅಂತರದಲ್ಲಿ, ಬೋರ್ನ್‌ಮತ್ ಮತ್ತು ವಾಟ್‌ಫರ್ಡ್ ಕೆಳಗೆ ಹೋದವು.

ಬಿಳಿ ಗುಲಾಬಿ, ಮೈಸೂರು:

ನಾನು ಲೀಡ್ಸ್ ಕಡೆಯವಳು. ಆ ಊರಲ್ಲಿ ಓದುವಾಗ ಅಂಟಿಕೊಂಡದ್ದು, ಇನ್ನೂ ಬಿಟ್ಟಿಲ್ಲ. ಹಾಗಾಗಿ ಯುನೈಟೆಡ್‌ನವರ ಮೇಲೆ ನನಗೆ ಪ್ರೀತಿ ಇಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಗಿರ್ಮಿಟ್ ಅವರೇ, ನೀವು ದಿನಾ ಬೆಳಗ್ಗೆ ಮಜಾಕ್ಕೆ ಕಳಿಸಿದ ಮಾತು ನಮಗೆ ಮಜಾ ಆಗಿರಲಿಲ್ಲ. 2004ರಲ್ಲಿ ಕೆಳಗೆ ಬಿದ್ದ ಲೀಡ್ಸ್ ಹದಿನಾರು ವರ್ಷ ಮೇಲೆ ಬಂದಿರಲಿಲ್ಲ. ಮಧ್ಯೆ ಮೂರನೇ ಹಂತಕ್ಕೂ ಇಳಿದಿತ್ತು. ಕೊನೆಗೆ ಕೋಚ್ ಬಿಯೆಲ್ಸಾ ಬಂದು, ಓಡಿಸಿ ಓಡಿಸಿ, ತಂಡವನ್ನು ಎರಡನೇ ಹಂತದಲ್ಲಿ ಮೊದಲ ಸ್ಥಾನಕ್ಕೆ ತಂದಿದ್ದರು. 37 ಮ್ಯಾಚ್, 71 ಪಾಯಿಂಟ್, ಇನ್ನು ಒಂಬತ್ತು ಬಾಕಿ. ಆಗ ನಿಂತಿತು. ನಿಮ್ಮ ಭಾವನ ಒಂದು ಕಪ್ ತಪ್ಪಿಸಲು ನೀವು ಬೆಂಕಿ ಕೇಳುತ್ತಿದ್ದಿರಿ, ಅದೇ ಬೀದಿಯಲ್ಲಿ ನಮ್ಮ ಮನೆಯೂ ಇತ್ತು. ಲಿವರ್‌ಪೂಲ್‌ಗೆ ಹೋಗುತ್ತಿದ್ದದ್ದು ಒಂದು ವರ್ಷದ ಕಪ್. ದುಡ್ಡು, ಆಟಗಾರರು, ಕೋಚ್ ಎಲ್ಲ ಅಲ್ಲೇ ಇರುತ್ತಿದ್ದರು. ಕೆಳಗಿನ ತಂಡಕ್ಕೆ ಹಾಗಲ್ಲ. ಒಂದು ಬಡ್ತಿ ತಪ್ಪಿದರೆ ಒಳ್ಳೆ ಆಟಗಾರರು ಹೊರಡುತ್ತಾರೆ, ಕೋಚ್ ಹೊರಡುತ್ತಾನೆ, ಟಿವಿ ದುಡ್ಡು ಬರುವುದಿಲ್ಲ.

ನಿಜವಾಗಿ ರದ್ದಾದ ಕಡೆ ಏನಾಯಿತು ನೋಡಿ. ಇಂಗ್ಲೆಂಡಿನ ತೀರಾ ಕೆಳಗಿನ ಲೀಗ್‌ಗಳನ್ನು ಅಲ್ಲಿನ ಫುಟ್‌ಬಾಲ್ ಸಂಸ್ಥೆ ಎಫ್‌ಎ ಮಾರ್ಚ್‌ನಲ್ಲೇ ಅಳಿಸಿಹಾಕಿತು. ಸೌತ್ ಶೀಲ್ಡ್ಸ್ ಅನ್ನೋ ತಂಡ ತನ್ನ ಲೀಗಿನಲ್ಲಿ 12 ಪಾಯಿಂಟ್ ಮುಂದಿತ್ತು, ಎಲ್ಲ ಹೋಯಿತು. ಹಾಲೆಂಡ್‌ನಲ್ಲಿ ಏಪ್ರಿಲ್ 24ಕ್ಕೆ ಚಾಂಪಿಯನ್ ಇಲ್ಲ, ಬಡ್ತಿ ಇಲ್ಲ, ಇಳಿಕೆಯೂ ಇಲ್ಲ ಅಂದರು. ಆಯಾಕ್ಸ್ ಮತ್ತು ಎಝೆಡ್ ಎರಡಕ್ಕೂ 56 ಪಾಯಿಂಟ್ ಇತ್ತು, ಆ ಜಗಳ ಪೇಪರಿನಲ್ಲಿ ಬಂತು. ನಿಜವಾಗಿ ಕಣ್ಣೀರು ಹಾಕಿದ್ದು ಎರಡನೇ ಹಂತದಲ್ಲಿ ಮೊದಲಿದ್ದ ಕ್ಯಾಂಬೂರ್. ಕೋರ್ಟಿಗೆ ಹೋದರು, ಸೋತರು, ಇನ್ನೊಂದು ಪೂರ್ತಿ ಸೀಸನ್ ಆಡಿ 2021ರಲ್ಲಿ ಮೇಲೆ ಬಂದರು. ಸ್ಕಾಟ್ಲೆಂಡಿನಲ್ಲಿ ಇನ್ನೂ ಎಂಟು ಮ್ಯಾಚ್ ಇರುವಾಗಲೇ ಹಾರ್ಟ್ಸ್ ತಂಡವನ್ನು ಕೆಳಗಿಳಿಸಿದರು. ಮೇಲಿನ ತಂಡಕ್ಕೂ ಅವರಿಗೂ ನಾಲ್ಕೇ ಪಾಯಿಂಟ್ ವ್ಯತ್ಯಾಸ. ಸಿಟ್ಟು ಮಾಡಿಕೊಳ್ಳುವ ಹಕ್ಕು ಇವರಿಗೆ ಇದೆ. ನಿಮಗೆ ಇದ್ದದ್ದು ಹೊಟ್ಟೆಕಿಚ್ಚು. ಅದೂ ಇರಲಿ, ಅದಿಲ್ಲದೆ ಫುಟ್‌ಬಾಲ್ ಯಾಕೆ ನೋಡಬೇಕು.

ಈಗ ನಿಮ್ಮ ಸ್ಟಾರ್. ಲಿವರ್‌ಪೂಲ್ ಲೀಗ್ ನಿಲ್ಲುವ ಮೊದಲೇ ಮಾಡಿದ್ದು 82. ಸಿಟಿ 38 ಮ್ಯಾಚ್ ಪೂರ್ತಿ ಆಡಿ ಮುಗಿಸಿದ್ದು 81. ಅಂದರೆ ಜನ ತುಂಬಿದ ಮೈದಾನದಲ್ಲೇ ಕಪ್ ಗೆದ್ದಾಗಿತ್ತು. ಉಳಿದ ಒಂಬತ್ತೂ ಸೋತಿದ್ದರೂ ಅವರೇ. ಖಾಲಿ ಮೈದಾನದ ಆಟದಿಂದ ಲಾಭ ಆದದ್ದು ಯಾರಿಗೆ? ಲೀಗ್ ನಿಂತಾಗ ನಿಮ್ಮ ತಂಡ 45 ಪಾಯಿಂಟಿನಲ್ಲಿ ಐದನೇ ಸ್ಥಾನ. ರ‍್ಯಾಶ್‌ಫರ್ಡ್ ಬೆನ್ನು ನೋವಿನಿಂದ ಜನವರಿಯಿಂದ ಆಡಿರಲಿಲ್ಲ. ಆ ಬಿಡುವಿನಲ್ಲಿ ವಾಸಿಯಾಗಿ ಬಂದ. ಆಮೇಲಿನ ಒಂಬತ್ತು ಲೀಗ್ ಮ್ಯಾಚಲ್ಲಿ ಒಂದೂ ಸೋಲದೆ 66ಕ್ಕೆ ಮುಗಿಸಿ ಮೂರನೇ ಸ್ಥಾನ, ಯುರೋಪಿನ ದೊಡ್ಡ ಕಪ್ ಚಾಂಪಿಯನ್ಸ್ ಲೀಗ್‌ಗೆ ಟಿಕೆಟ್. ಆ ಮೂರನೇ ಸ್ಥಾನಕ್ಕೆ ಎಷ್ಟು ಸ್ಟಾರ್ ಹಾಕೋಣ?

ಕೋಲ್ಕತ್ತಾ ಕನ್ನಡಿಗ:

ಇಂಗ್ಲೆಂಡ್ ತನಕ ಯಾಕೆ ಹೋಗುತ್ತೀರಿ? ನಮ್ಮ ದೇಶದ ಫುಟ್‌ಬಾಲ್ ಲೀಗ್ ಐ-ಲೀಗ್ ನೋಡಿ. ಮಾರ್ಚ್ 10ಕ್ಕೆ ಮೋಹನ್ ಬಗಾನ್ ಕಲ್ಯಾಣಿಯಲ್ಲಿ ಐಜಾಲ್ ತಂಡವನ್ನು 1–0 ಸೋಲಿಸಿ, ನಾಲ್ಕು ಸುತ್ತು ಇರುವಾಗಲೇ ಲೀಗ್ ಗೆದ್ದಾಗಿತ್ತು. ಮಾರ್ಚ್ 15ಕ್ಕೆ ಸಾಲ್ಟ್ ಲೇಕ್‌ನಲ್ಲಿ ಈಸ್ಟ್ ಬೆಂಗಾಲ್ ಜೊತೆ ಡರ್ಬಿ, ಅಂದರೆ ಒಂದೇ ಊರಿನ ಎರಡು ತಂಡಗಳ ಮ್ಯಾಚ್, ಇತ್ತು. ಅದು ನಡೆಯಲೇ ಇಲ್ಲ. ಬಾಕಿ ಮ್ಯಾಚೆಲ್ಲ ರದ್ದು. ಟ್ರೋಫಿ ಬಗಾನ್ ಕೈಗೆ ಬಂದದ್ದು ಅಕ್ಟೋಬರ್‌ನಲ್ಲಿ.

ಲೆಕ್ಕದಲ್ಲಿ ಯಾರೂ ತಕರಾರು ಮಾಡುವ ಹಾಗಿಲ್ಲ. ಆದರೂ ನಮ್ಮ ಆಫೀಸಿನ ಈಸ್ಟ್ ಬೆಂಗಾಲ್ ದಾದಾ ಊಟಕ್ಕೆ ಕೂತಾಗಲೆಲ್ಲ ಹೇಳುವುದು ಒಂದೇ: ‘15ನೇ ತಾರೀಖು ಆಡಿಸಬೇಕಿತ್ತು, ತೋರಿಸುತ್ತಿದ್ದೆವು.’ ಜನವರಿಯ ಡರ್ಬಿಯನ್ನು ಬಗಾನ್ 2–1ರಲ್ಲಿ ಗೆದ್ದದ್ದು ನೆನಪಿಸಿದರೆ ಮೀನಿನ ಮುಳ್ಳು ಬಿಡಿಸುವುದರಲ್ಲಿ ಮುಳುಗಿಬಿಡುತ್ತಾರೆ. ಇಂಥವರಿಗೆ ಪಾಯಿಂಟ್ ಪಟ್ಟಿ ತೋರಿಸಿ ಉಪಯೋಗ ಇಲ್ಲ ಮೇಡಂ.

ಕೆಂಪು ಗಿರ್ಮಿಟ್, ಹುಬ್ಬಳ್ಳಿ:

ಬಿಳಿ ಗುಲಾಬಿ ಮೇಡಂ, 82 ಮತ್ತು 81ರ ಲೆಕ್ಕ ಭಾವನಿಗೆ ಇನ್ನೂ ಹೊಳೆದಿಲ್ಲ. ದಯವಿಟ್ಟು ಯಾರೂ ಹೇಳಬೇಡಿ.

ಸೌತ್ ಶೀಲ್ಡ್ಸ್ ವಿಷಯ ಮಾತ್ರ ಬೇಜಾರಾಯಿತು, ನಿಜ. ಆದರೆ ನನ್ನ ಪರಿಸ್ಥಿತಿಯೂ ಸ್ವಲ್ಪ ಕೇಳಿ. ಕಪ್ ಖಚಿತವಾದದ್ದು ಜೂನ್ 25ಕ್ಕೆ, ಚೆಲ್ಸಿ ಸಿಟಿಯನ್ನು 2–1 ಸೋಲಿಸಿದಾಗ. ನಮಗೆ ಅದು ಶುರುವಾದದ್ದೇ ನಡುರಾತ್ರಿ 12.45ಕ್ಕೆ. ಯುನೈಟೆಡ್ ರಕ್ತದವನು ನಾನು, ಕಂಬಳಿ ಹೊದ್ದುಕೊಂಡು ಸಿಟಿ ಗೆಲ್ಲಲಿ ಅಂತ ಕೂತಿದ್ದೆ! ಸಿಟಿಯ ಡಿ ಬ್ರೂಯ್ನ್ ಫ್ರೀಕಿಕ್ ಒಳಗೆ ಹೋದಾಗ ಕುಣಿದೂಬಿಟ್ಟೆ. ಆಮೇಲೆ ಸಿಟಿಯ ಫರ್ನಾಂಡಿನ್ಯೋ ಗೋಲಿನ ಬಾಯಲ್ಲಿ ಚೆಂಡನ್ನು ಕೈಯಿಂದ ತಡೆದ, ಚೆಲ್ಸಿಯ ವಿಲ್ಲಿಯನ್ ಪೆನಾಲ್ಟಿ ಹೊಡೆದ, ಮುಗಿಯಿತು. ಮೂರು ಗಂಟೆಯೊಳಗೆ ಭಾವನ ಫೋನ್. ರಾತ್ರಿ ಕರ್ಫ್ಯೂ, ಹೊರಗೆ ಹೋಗಿ ಪಟಾಕಿ ಹೊಡೆಯುವ ಹಾಗಿಲ್ಲ, ಅದಕ್ಕೆ ನನಗೆ ಫೋನ್ ಮಾಡಿದ್ದಂತೆ. ಒಂದು ಮಾತೂ ಆಡಲಿಲ್ಲ. ಸುಮ್ನೆ ನಕ್ಕರು, ತುಂಬಾ ಹೊತ್ತು.

ಅದಕ್ಕೇ ಸ್ಟಾರ್ ಇರುತ್ತದೆ.

ಆಸ್ಟಿನ್‌ಟೌನ್ ಹುಡುಗ:

ಅದೆಲ್ಲ ಸರಿ, 2024–25ರಲ್ಲಿ ನಿಮ್ಮವರು ಎಷ್ಟನೇ ಸ್ಥಾನದಲ್ಲಿ ಮುಗಿಸಿದರು ಗುರು? 15 ಅಲ್ವಾ?

ಕೆಂಪು ಗಿರ್ಮಿಟ್, ಹುಬ್ಬಳ್ಳಿ:

ಅದಕ್ಕೆ ಬೇರೆ ಥ್ರೆಡ್ ಶುರು ಮಾಡಿ.